ಮಠ ಕೊಂಡ ಮಹಾರಾಯರಿಗೆ

ಪರದೇಶದ ಪಾಳು ಮಠಗಳನ್ನು ಬಿಚ್ಚಿ, ಪೆಟ್ಟಿಗೆ ತುಂಬಿ, ಹಡಗು ಹತ್ತಿಸಿ ಮನೆಗೆ ತರಿಸಿಕೊಳ್ಳುವ ಸಕಲ ಮಹಾಶಯರಿಗೆ, ವಿಶೇಷವಾಗಿ ಆ ಕುಲಕ್ಕೆ ಕಳಶಪ್ರಾಯರಾದ ದಿವಂಗತ ಪತ್ರಿಕಾಧಿಪತಿ ಶ್ರೀಮಾನ್ ವಿಲಿಯಂ ರ‍್ಯಾಂಡಾಲ್ಫ್ ಹರ್ಸ್ಟ್ ಅವರ ಸನ್ನಿಧಾನಕ್ಕೆ, ಬರ್ಕ್ಲಿಯಲ್ಲಿ ನೆಲೆಸಿರುವ ಕನ್ನಡಿಗನೊಬ್ಬ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ ಸಾಂಪ್ರತ.

ಸ್ವಾಮಿ, ಈ ಊರಿನಲ್ಲಿ ತಮ್ಮ ಮನೆತನದ ಹೆಸರನ್ನು ತುಳಿಯದೆ ಹಾಲು ತರಲೂ ಆಗುವುದಿಲ್ಲ. ಬೀದಿಗೆ ಹರ್ಸ್ಟ್ ಅವೆನ್ಯೂ ಎಂದು ಹೆಸರು. ಗುಡ್ಡದ ಬುಡದಲ್ಲಿ 1903ರಲ್ಲಿ ತಾವು ಕೊಟ್ಟ ಬಯಲು ರಂಗಮಂದಿರ. ತಮ್ಮ ತಂದೆಯವರ ನೆನಪಿಗೆ 1907ರ ಗಣಿಶಾಸ್ತ್ರ ಭವನ, ತಾಯಿಯವರ ನೆನಪಿಗೆ 1927ರ ವ್ಯಾಯಾಮಶಾಲೆ. ಅದರೊಳಗೆ ಅಮೃತಶಿಲೆಯ ಈಜುಕೊಳ. (ಈ ಈಜುಕೊಳವನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.) ಇಷ್ಟೆಲ್ಲ ಉಪಕಾರ ಹೊತ್ತವನು ಇನ್ನೊಂದಕ್ಕೆ ಕೃತಜ್ಞತೆ ಹೇಳದೆ ಸುಮ್ಮನಿದ್ದರೆ ರೌರವ ನರಕವೇ ಗತಿಯೆಂದು ಈ ಪತ್ರ.

ಸ್ಪೇನಿನ ಗ್ವಾದಲಹಾರಾ ಸೀಮೆಗೆ ಹೋಗಿ, ತಾಹೊ ನದಿಯ ಕಣಿವೆಯಲ್ಲಿ ಹಳೆಯ ಕೋಟೆ ಕೊತ್ತಲ ನೋಡಬೇಕೆಂಬುದು ನನ್ನ ಬಹುದಿನದ ಚಪಲ. ತಾಹೊ ಎಂದರೆ ಇಲ್ಲಿಯವರು ಶನಿವಾರ ಸ್ಕೀ ಕಟ್ಟಿಕೊಂಡು ಓಡುವ ಸರೋವರವಲ್ಲ. ಸೊರಿತಾ ದೆ ಲೋಸ್ ಕಾನೆಸ್ ಎಂಬ ಹಳ್ಳಿಯ ನೆತ್ತಿಯ ಮೇಲೆ ಮೂರರು ಕಟ್ಟಿದ ಕೋಟೆಯಿದೆ. ಅದರ ಹತ್ತಿರವೇ ವಿಸಿಗಾತರು 578ರಲ್ಲಿ ಕಟ್ಟಿದ ರೆಕೊಪೊಲಿಸ್ ಪಟ್ಟಣದ ಅಡಿಪಾಯಗಳಿವೆ. ಇನ್ನೂ ಮೇಲಕ್ಕೆ, ತ್ರಿಯೊ ಊರಿನ ಬಳಿ, ಸಾಂತಾ ಮರಿಯಾ ದೆ ಓವಿಲಾ ಮಠ. ಕಸ್ತೀಲದ ಎಂಟನೆಯ ಅಲ್ಫಾನ್ಸೊ ಅದನ್ನು ಸ್ಥಾಪಿಸಿದ್ದು 1181ರಲ್ಲಿ. ಆಗ ನಮ್ಮ ದ್ವಾರಸಮುದ್ರದಲ್ಲಿ ಇಮ್ಮಡಿ ಬಲ್ಲಾಳನ ಆಳ್ವಿಕೆ. ಓವಿಲಾದ ಮಟ್ಟಿಗೆ ತಾವು ನನ್ನ ವಿಮಾನದ ಖರ್ಚು ಉಳಿಸಿದ್ದೀರಿ. ನಾನು ಹುಟ್ಟುವ ಮೊದಲೇ ಅದನ್ನು ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಆಚೆ ದಡಕ್ಕೆ ತಂದಿಳಿಸಿದ್ದೀರಿ. ಇಂಥ ದೂರದೃಷ್ಟಿಗೆ ಯಾವ ಭಾಷೆಯಲ್ಲಿ ಉಪಕಾರ ಹೇಳಲಿ?

ತಂದ ಚಂದವನ್ನೂ ಹೊಗಳಬೇಕು. 1835ರಲ್ಲಿ ಸ್ಪೇನಿನ ಸರ್ಕಾರ ಸನ್ಯಾಸಿಗಳನ್ನು ಹೊರಗೆ ಹಾಕಿದ ಮೇಲೆ ಮಠ ದನದ ಕೊಟ್ಟಿಗೆಯಾಗಿತ್ತು. 1928ರಲ್ಲಿ ಅದನ್ನು ಮೂರು ಸಾವಿರ ಪೆಸೆಟಾ ಚಿಲ್ಲರೆಗೆ ಒಬ್ಬ ಜಮೀನುದಾರನಿಗೆ ಮಾರಲಾಯಿತು. ತಮ್ಮ ದಳ್ಳಾಳಿ ಆರ್ಥರ್ ಬೈನ್ ಕಣ್ಣಿಗೆ ಬಿದ್ದದ್ದೇ ತಡ, ಬೆಲೆ ಬೇರೆಯಾಯಿತು. ತಮ್ಮ ವಾಸ್ತುಶಿಲ್ಪಿ ಜೂಲಿಯಾ ಮಾರ್ಗನ್, ಬರ್ಕ್ಲಿ ವಿಶ್ವವಿದ್ಯಾಲಯದಲ್ಲೇ ಎಂಜಿನಿಯರಿಂಗ್ ಓದಿದ ಮಹಾತಾಯಿ, ತನ್ನ ಜೊತೆಗಾರ ವಾಲ್ಟರ್ ಸ್ಟೈಲ್‌ಬರ್ಗ್ ಅವರನ್ನು 1931ರಲ್ಲಿ ಅಲ್ಲಿಗೆ ಅಟ್ಟಿದರು. ಅವರೂ ನಮ್ಮ ಬರ್ಕ್ಲಿಯವರೇ. ಆದ್ದರಿಂದ ಈ ಪುಣ್ಯದಲ್ಲಿ ನಮ್ಮ ಊರಿಗೂ ಒಂದು ಪಾಲಿದೆ. ಮೊದಲನೆಯ ಮಹಾಯುದ್ಧದ ಕಂದಕಗಳಲ್ಲಿ ಓಡುತ್ತಿದ್ದ ಪುಟ್ಟ ರೈಲಿನ ಹಳಿ ಹಾಸಿ, ಹೊಳೆ ದಾಟಿಸಲು ದೋಣಿ ಕಟ್ಟಿ, ಸುಮಾರು ಹತ್ತು ಸಾವಿರ ಕಲ್ಲುಗಳನ್ನು ಹನ್ನೊಂದು ಹಡಗುಗಳಲ್ಲಿ ಸಾಗಿಸಿದಿರಿ. ಪುರಾತನ ಕಟ್ಟಡಗಳನ್ನು ದೇಶದಿಂದ ಆಚೆ ಒಯ್ಯಬಾರದೆಂಬ ಕಾನೂನು ಅಲ್ಲಿತ್ತಂತೆ. ಅಂಥ ಸಣ್ಣಪುಟ್ಟ ವಿಷಯಗಳಿಂದ ತಮ್ಮ ನಿದ್ದೆ ಕೆಡಲಿಲ್ಲವೆಂಬುದು ನಮಗೆಲ್ಲ ಸಮಾಧಾನ. ಆ ವರ್ಷವೇ ದೊರೆ ದೇಶ ಬಿಟ್ಟ, ಗಣರಾಜ್ಯ ಬಂತು. ಜೂನ್‌ನಲ್ಲಿ ಹೊಸ ಸರ್ಕಾರ ಓವಿಲಾವನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸುವಾಗ ಸ್ಮಾರಕ ಬಂದರಿನ ದಾರಿ ಹಿಡಿದಾಗಿತ್ತು.

ಇಷ್ಟು ಭಕ್ತಿಯಿಂದ ತಂದದ್ದು ಯಾತಕ್ಕೆ ಎಂದು ಅಜ್ಞಾನಿಗಳು ಕೇಳುತ್ತಾರೆ. ಮೌಂಟ್ ಶಾಸ್ತಾದ ತಪ್ಪಲಿನಲ್ಲಿ, ಮಕ್ಲೌಡ್ ನದಿಯ ದಂಡೆಯ ವಿಂಟೂನ್‌ನಲ್ಲಿ ತಮ್ಮ ತಾಯಿಯವರ ಬಂಗಲೆ ಸುಟ್ಟುಹೋಗಿತ್ತು. ಆ ಜಾಗದಲ್ಲಿ ಎಂಟು ಅಂತಸ್ತು, ಅರವತ್ತೊಂದು ಮಲಗುವ ಕೋಣೆಗಳ ಒಂದು ಸರಳ ಗುಡಿಸಲು ಕಟ್ಟಬೇಕಿತ್ತು. ಮಠದ ಚರ್ಚು ತಮಗೆ ಬೇಕಾದದ್ದು ಈಜುಕೊಳದ ಹೊದಿಕೆಯಾಗಿ! ಆರು ಶತಮಾನ ಸನ್ಯಾಸಿಗಳು ಮೊಣಕಾಲೂರಿದ್ದ ಕಮಾನುಗಳ ಕೆಳಗೆ ತಾವು ಕುತ್ತಿಗೆಯವರೆಗೆ ಮುಳುಗಬೇಕೆಂದಿದ್ದಿರಿ. ಬರ್ಕ್ಲಿಯಲ್ಲಿ ತಾಯಿಯ ಹೆಸರಿನಲ್ಲಿ ಅಮೃತಶಿಲೆಯ ಕೊಳ ಇದ್ದೇ ಇತ್ತಲ್ಲ ಎಂದು ನಾನೇನೂ ಹೇಳುವುದಿಲ್ಲ. ದೊಡ್ಡವರ ಮಡಿ ಮೈಲಿಗೆಯ ಲೆಕ್ಕ ನಮ್ಮಂಥವರಿಗೆ ತಿಳಿಯದು.

ಆಮೇಲೆ ಕೈಯಲ್ಲಿ ಕಾಸು ಕಡಿಮೆಯಾಯಿತು. ತಂದು ಮುಟ್ಟಿಸುವಷ್ಟರಲ್ಲೇ ಸುಮಾರು ಹತ್ತು ಲಕ್ಷ ಡಾಲರ್ ಖರ್ಚಾಗಿತ್ತಂತೆ, ಹೊರಗೆ ಮಹಾ ಆರ್ಥಿಕ ಕುಸಿತ. ಒಂದೇ ಒಂದು ಕಲ್ಲೂ ವಿಂಟೂನ್‌ನಲ್ಲಿ ಗೋಡೆಯಾಗಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೊದ ಗೋದಾಮಿನಲ್ಲಿ ಹತ್ತು ವರ್ಷ ಬಾಡಿಗೆ ಏರುತ್ತ ಹೋಯಿತು. 1941ರಲ್ಲಿ, ಬಾಕಿ ಇಪ್ಪತ್ತೈದು ಸಾವಿರ ಡಾಲರ್ ಬಾಡಿಗೆ ಕಟ್ಟುವ ಭಾಗ್ಯದೊಂದಿಗೆ, ಮಠವನ್ನು ನಗರಕ್ಕೆ ದಾನ ಮಾಡಿದಿರಿ. ದಾನ ಪಡೆದವರೇ ದಕ್ಷಿಣೆಯನ್ನೂ ಕೊಡುವ ಸಂಪ್ರದಾಯ ನಮ್ಮಲ್ಲಿ ಇನ್ನೂ ಬಂದಿಲ್ಲ, ಕಲಿಸಿದ್ದಕ್ಕೆ ವಂದನೆಗಳು. ಅದೇ ವರ್ಷ ತಮ್ಮನ್ನು ಬಹಳವೇ ಹೋಲುವ ಪತ್ರಿಕಾಧಿಪತಿಯೊಬ್ಬನ ಕಥೆ ‘ಸಿಟಿಜನ್ ಕೇನ್’ ತೆರೆಗೆ ಬಂತು. ಅದರ ಕೊನೆಯಲ್ಲೂ ಬಿಚ್ಚದ ಪೆಟ್ಟಿಗೆಗಳ ರಾಶಿ. ತಾವು ಸಿಟ್ಟಾದಿರೆಂದು ಕೇಳಿದ್ದೇನೆ. ಏಕೆಂದು ಮಾತ್ರ ನನಗೆ ಹೊಳೆಯುತ್ತಿಲ್ಲ.

ನಗರದವರು ಗೋಲ್ಡನ್ ಗೇಟ್ ಪಾರ್ಕಿನಲ್ಲಿ ಮಧ್ಯಯುಗದ ಮ್ಯೂಸಿಯಂ ಕಟ್ಟುತ್ತೇವೆಂದರು, ಮಾರ್ಗನ್ ನಕ್ಷೆಯನ್ನೂ ಬರೆದರು. ಅಷ್ಟರಲ್ಲಿ ಪರ್ಲ್ ಹಾರ್ಬರ್. ಪೆಟ್ಟಿಗೆಗಳು ಬಯಲಿಗೆ ಬಿದ್ದವು. ಮತ್ತೆ ಮತ್ತೆ ಬೆಂಕಿ ಬಿತ್ತು, ಕೊನೆಯದು 1959ರಲ್ಲಿ. ಪೆಟ್ಟಿಗೆಯ ಹಲಗೆ ಉರಿದರೆ ಉರಿಯಲಿ, ಯಾವ ಕಲ್ಲು ಯಾವುದರ ಮೇಲೆ ಕೂರಬೇಕೆಂಬ ಗುರುತುಗಳೂ ಅದರ ಜೊತೆ ಹೋದವು. ಇಲ್ಲಿ ನನಗೆ ಕನ್ನಂಬಾಡಿ ನೆನಪಾಗುತ್ತದೆ. ಕೆಆರ್‌ಎಸ್ ಹಿನ್ನೀರಿನಲ್ಲಿ ಮುಳುಗಿದ್ದ ವೇಣುಗೋಪಾಲಸ್ವಾಮಿ ದೇವಸ್ಥಾನದ ಕಲ್ಲುಗಳಿಗೆ ನಂಬರು ಹಾಕಿ, ಒಂದೊಂದಾಗಿ ಬಿಚ್ಚಿ, ಅದೇ ಹಿನ್ನೀರಿನ ದಡದಲ್ಲಿ ಮೇಲಕ್ಕೆ ತಂದು ಜೋಡಿಸಿದರು. ಸ್ವಾಮಿಗೆ ಕಾವೇರಿ ಈಗಲೂ ಕಾಣುತ್ತದೆ. ಮಾಡಿಸಿದ್ದು ಖೋಡೆಯವರ ಪ್ರತಿಷ್ಠಾನ. ಹೌದು, ರಮ್ಮಿನ ಖೋಡೆಯವರೇ. ಈ ಹೆಸರನ್ನೂ ಸ್ವಲ್ಪ ನೆನಪಿನಲ್ಲಿಡಿ.

ಪಾರ್ಕಿನ ಆಡಳಿತದವರ ಸದ್ಬುದ್ಧಿಯನ್ನು ಮರೆಯಲಾರೆ. ಗುರುತಿಲ್ಲದ ಕಲ್ಲು ಯಾರಿಗೆ ಬೇಕೆಂದು ತೋಟದ ಒಡ್ಡಿಗೆ, ಕಟ್ಟೆಗೆ, ಅಂಚಿಗೆ ಬಳಸಿದರು. ಜಪಾನೀ ಟೀ ಗಾರ್ಡನ್‌ನಲ್ಲೂ ಇವೆ, ಸಸ್ಯೋದ್ಯಾನದಲ್ಲೂ ಇವೆ. ಮೈಸೂರಿನಿಂದ ಬಂದಿದ್ದ ನಮ್ಮ ಸೋದರಮಾವನಿಗೆ ಕೋಟೆ, ಮಠ ಅಂದರೆ ಪ್ರಾಣ. ಕರೆದುಕೊಂಡು ಹೋದೆ. ಆರಾಮಾಗಿ ಕೂತು ಪುಳಿಯೋಗರೆ ಮುಗಿಸಿ, ಕೈ ಒರೆಸಿಕೊಂಡು, “ಅಲ್ಲಯ್ಯಾ, ಅದೇನೋ ಎಂಟುನೂರು ವರ್ಷದ ಮಠ ಅಂದೆಯಲ್ಲ, ಎಲ್ಲಿ?” ಅಂದರು. “ಅದರ ಮೇಲೇ ಕೂತಿದ್ದೀರಿ ಮಾವ” ಅಂದೆ. ದಿಗಿಲಾಗಿ ಎದ್ದು ನಿಂತು ಕಲ್ಲು ಮುಟ್ಟಿ ಕಣ್ಣಿಗೊತ್ತಿಕೊಂಡರು. ಅಷ್ಟು ಮರ್ಯಾದೆ ಆ ಕಲ್ಲಿಗೆ ಅಮೆರಿಕದಲ್ಲಿ ಅದೇ ಮೊದಲಿರಬೇಕು.

ಉಳಿದದ್ದನ್ನೂ ನೋಡಬೇಕಾದರೆ ಓಡಾಟವಿದೆ. ಚರ್ಚಿನ ಹೆಬ್ಬಾಗಿಲು 1965ರಲ್ಲಿ ಡಿ ಯಂಗ್ ಮ್ಯೂಸಿಯಂ ಸೇರಿ, ಆ ಕಟ್ಟಡ ಕೆಡವಿದ ಮೇಲೆ ಸ್ಯಾನ್ ಫ್ರಾನ್ಸಿಸ್ಕೊ ವಿಶ್ವವಿದ್ಯಾಲಯದ ಅಂಗಳದಲ್ಲಿ ನಿಂತಿದೆ. ಅದರ ಹಿಂದೆ ಚರ್ಚಿಲ್ಲ. ಸನ್ಯಾಸಿಗಳ ಸಭಾಮಂಟಪದ ಕಲ್ಲುಗಳು ಮಾತ್ರ ಒಳ್ಳೆಯವರ ಕೈ ಸೇರಿದವು. ಬರ್ಕ್ಲಿಯಿಂದ ಮೂರು ಗಂಟೆ ಉತ್ತರಕ್ಕೆ, ವೈನಾ ಎಂಬಲ್ಲಿ, ಓವಿಲಾದವರದೇ ಪರಂಪರೆಯ ಸನ್ಯಾಸಿಗಳ ನ್ಯೂ ಕ್ಲೇರ್ವೊ ಮಠವಿದೆ. 1955ರಲ್ಲಿ ಪಾರ್ಕಿನಲ್ಲಿ ಈ ರಾಶಿ ಕಂಡ ತರುಣ ಸನ್ಯಾಸಿ ಥಾಮಸ್ ಡೇವಿಸ್, ದಶಕಗಟ್ಟಲೆ ಬೆನ್ನು ಹತ್ತಿ, 1994ರಲ್ಲಿ ಮಂಟಪದ ಕಲ್ಲು ಪಡೆದು, ಹೋದವಕ್ಕೆ ಬದಲಾಗಿ ಹೊಸವನ್ನು ಕಡೆಸಿ ನಿಲ್ಲಿಸಿದರು. ಚಿಕೊದ ಸಿಯೆರಾ ನೆವಾಡಾದವರು ಓವಿಲಾ ಹೆಸರಿನಲ್ಲಿ ಬಿಯರ್ ಮಾಡಿ ಅದರ ಆದಾಯದಲ್ಲಿ ಪಾಲು ಕೊಟ್ಟರು. ಖೋಡೆಯವರನ್ನು ನೆನಪಿನಲ್ಲಿಡಿ ಎಂದದ್ದು ಇದಕ್ಕೇ: ಪತ್ರಿಕೆ ಮಾರಿದ ತಾವು ಕೈಬಿಟ್ಟದ್ದನ್ನು ಬಿಯರ್ ಮಾರಿದವರು ಎತ್ತಿಹಿಡಿದರು. ಬರ್ಕ್ಲಿಯವನಾಗಿ ನನಗೆ ಒಂದೇ ಹೊಟ್ಟೆಯುರಿ. ವೈನಾದ ಆ ಜಮೀನು ಹಿಂದೆ ಲೀಲಂಡ್ ಸ್ಟ್ಯಾನ್‌ಫರ್ಡ್ ಅವರ ದ್ರಾಕ್ಷಿತೋಟ. ಇದರಲ್ಲೂ ನಮ್ಮ ಎದುರಾಳಿ ವಿಶ್ವವಿದ್ಯಾಲಯದ ಹೆಸರಿನವರೇ ಗೆಲ್ಲಬೇಕೆ?

ತಾಹೊ ದಂಡೆಯಲ್ಲಿ ತಾವು ಉದಾರವಾಗಿ ಬಿಟ್ಟುಬಂದದ್ದೂ ಇದೆ. ಅಂಕಣದ ಕೆಲವು ಕಮಾನುಗಳು, ಮದ್ಯದ ಉಗ್ರಾಣ. ತ್ರಿಯೊ ಊರಿನ ಹತ್ತಿರ 1988ರಿಂದ ಅಣುವಿದ್ಯುತ್ ಸ್ಥಾವರ ನಡೆಯುತ್ತಿದೆ, ಮಠದ ಗೋಪುರವಿಲ್ಲದ ಕೊರತೆಯನ್ನು ಅದರ ಎರಡು ಶೈತ್ಯ ಗೋಪುರಗಳು ತುಂಬಿವೆ. ಹೊಳೆಯನ್ನು ಪೆಟ್ಟಿಗೆಗೆ ತುಂಬಲು ಸ್ಟೈಲ್‌ಬರ್ಗ್ ಅವರಿಗೂ ಉಪಾಯ ತೋಚಲಿಲ್ಲವಾದ್ದರಿಂದ ಅದು ಅಲ್ಲೇ ಹರಿಯುತ್ತಿದೆ. ಹಾಗಾಗಿ ಇಷ್ಟೊಂದು ಕಲ್ಲು ಇಲ್ಲಿದ್ದರೂ ನಾನು ಓವಿಲಾ ನೋಡಿದೆನೆಂದು ಊರಿಗೆ ಫೋನು ಮಾಡಿ ಹೇಳಲು ನಾಲಿಗೆ ಏಳುತ್ತಿಲ್ಲ. ಕ್ಷಮಿಸಬೇಕು, ಟಿಕೆಟ್ಟಿನ ಬೆಲೆ ಮತ್ತೆ ನೋಡುತ್ತಿದ್ದೇನೆ.

ಕಡೆಯದಾಗಿ ತಮ್ಮ ಕುಲಬಾಂಧವರಲ್ಲಿ ಒಂದು ಪ್ರಾರ್ಥನೆ. ಮದುರೈಯ ಮಂಟಪವೊಂದರ ಕಂಬಗಳು ಫಿಲಡೆಲ್ಫಿಯಾದ ಮ್ಯೂಸಿಯಂನಲ್ಲಿ ಬೆಚ್ಚಗಿವೆ. ಟಿಪ್ಪುವಿನ ಹುಲಿ ಲಂಡನ್ನಿನಲ್ಲಿದೆ. ನಮ್ಮಲ್ಲಿ ತುಂಗಭದ್ರೆಯ ದಂಡೆಯಲ್ಲಿ, ಮಲಪ್ರಭೆಯ ದಂಡೆಯಲ್ಲಿ ಕಲ್ಲು ಬೇಕಾದಷ್ಟಿದೆ ಎಂದು ಯಾರಾದರೂ ತಮ್ಮವರ ಕಿವಿಗೆ ಹಾಕಿದರೆ ಶುದ್ಧ ಸುಳ್ಳೆಂದು ತಿಳಿಯಬೇಕು. ಅಲ್ಲಿ ರಸ್ತೆ ಸರಿಯಿಲ್ಲ, ಬಿಸಿಲು ಜಾಸ್ತಿ, ಕೋತಿಗಳ ಕಾಟ ಬೇರೆ.

ಇಂತಿ ತಮ್ಮ ಆಜ್ಞಾಧಾರಕ,
ಬರ್ಕ್ಲಿಯ ಒಬ್ಬ ನಿವಾಸಿ

ತಾ.ಕ.: ಸೆಗೋವಿಯಾ ಸೀಮೆಯ ಸಾಕ್ರಾಮೇನಿಯಾ ಮಠದ ವಿಷಯ ಬರೆಯಲು ಜಾಗ ಸಾಲಲಿಲ್ಲ. ಅದನ್ನು ತಾವು 1925ರಲ್ಲೇ ಕೊಂಡಿದ್ದಿರಿ. ಪೆಟ್ಟಿಗೆಗೆ ತುಂಬಿದ್ದ ಹುಲ್ಲಿನಲ್ಲಿ ಕಾಲುಬಾಯಿ ರೋಗ ಬಂದೀತೆಂದು ಅಮೆರಿಕದ ಅಧಿಕಾರಿಗಳು ಎಲ್ಲವನ್ನೂ ಬಿಚ್ಚಿ, ಹುಲ್ಲು ಸುಟ್ಟು, ಕಲ್ಲುಗಳನ್ನು ಅದಲುಬದಲಾಗಿ ತುಂಬಿಟ್ಟರು. ತಾವು ಕಣ್ಮುಚ್ಚಿದ ಮೇಲೆ ಯಾರೋ ಅದನ್ನು ಕೊಂಡು ಮಯಾಮಿಯಲ್ಲಿ ಜೋಡಿಸಿದರು. ಇಷ್ಟು ಅನುಭವವಾದ ಮೇಲೂ ಆರೇ ವರ್ಷದಲ್ಲಿ ಓವಿಲಾಕ್ಕೆ ಕೈಹಾಕಿದ ತಮ್ಮ ಧೈರ್ಯಕ್ಕೆ ಪ್ರತ್ಯೇಕ ನಮಸ್ಕಾರ. ಇದನ್ನು ಮೇಲಿನ ನಮಸ್ಕಾರಗಳ ಲೆಕ್ಕದಲ್ಲಿ ಸೇರಿಸಿಕೊಳ್ಳಬಾರದಾಗಿ ವಿನಂತಿ.