ಟೇಪ್ ಅಂಕಲ್

ಬೆಂಗಳೂರಿನ ಯಾವ ಹಳೆಯ ಬಡಾವಣೆಗೆ ಹೋದರೂ ಒಬ್ಬರು ಟೇಪ್ ಅಂಕಲ್ ಇದ್ದೇ ಇರುತ್ತಾರೆ. ಸರ್ಕಾರಿ ಕೆಲಸದಿಂದ ನಿವೃತ್ತಿ, ಮಗ ಅಮೆರಿಕದಲ್ಲೋ ಆಸ್ಟ್ರೇಲಿಯಾದಲ್ಲೋ, ಬೆಳಗ್ಗೆ ಪಾರ್ಕಿನಲ್ಲಿ ನಾಲ್ಕು ಸುತ್ತು, ಜುಬ್ಬದ ಜೇಬಿನಲ್ಲಿ ಐದು ಮೀಟರಿನ ಸ್ಟೀಲ್ ಟೇಪು. ನಮ್ಮ ಕ್ರಾಸಿನವರು ಒಂದು ಕೈ ಮೇಲು, ಮೂವತ್ತು ಮೀಟರಿನದನ್ನೂ ಇಟ್ಟುಕೊಂಡಿದ್ದಾರೆ. ಅದರ ಇನ್ನೊಂದು ತುದಿ ಹಿಡಿಯುವವನು ಇಸ್ತ್ರಿ ಗಾಡಿಯ ಹುಡುಗ. ಆ ಗಾಡಿ ನಿಂತಿರುವುದೇ ಫುಟ್‌ಪಾತ್ ಮೇಲಲ್ಲವೇ ಎಂದು ಕೇಳಿ ನೋಡಿ. "ಬೀದಿ ವ್ಯಾಪಾರಿಗಳ ಕಾಯ್ದೆ, 2014. ಓದಿದೀರೇನ್ರೀ?" ಯಾರೂ ಓದಿರುವುದಿಲ್ಲ.

ಅವರ ಪ್ರಧಾನ ಗ್ರಂಥ ಬಿಡಿಎ ತಂದ ಪರಿಷ್ಕೃತ ಮಾಸ್ಟರ್ ಪ್ಲಾನ್ 2015. ಅದು ಹೊರಬಂದದ್ದು 2007ರಲ್ಲಿ. 2015 ಕಳೆದು ಎಷ್ಟೋ ವರ್ಷವಾಯಿತು, ಇನ್ನೂ ಅದನ್ನೇ ಹಿಡಿದುಕೊಂಡಿದ್ದೀರಲ್ಲ ಸಾರ್ ಎಂದರೆ, "ಪಂಚಾಂಗ ಅಲ್ಲಾರೀ ಇದು, ವರ್ಷಕ್ಕೊಂದು ಬರೋಕೆ" ಎಂದು ಬಾಯಿ ಮುಚ್ಚಿಸುತ್ತಾರೆ. ಅದರಲ್ಲಿ ಅವರ ಜೀವದ ಸಾಲು 12 ಮೀಟರ್ ರಸ್ತೆಯದು. ವಸತಿ ಪ್ರದೇಶದಲ್ಲಿ ಅಷ್ಟು ಅಗಲವಿಲ್ಲದ ರಸ್ತೆಯಲ್ಲಿ ಅಂಗಡಿ ಮುಂಗಟ್ಟು ಕೂಡದು. ಊರಿನವರೆಲ್ಲ ಇದನ್ನು "ನಲವತ್ತಡಿ ರೂಲ್ಸು" ಎನ್ನುತ್ತಾರೆ. ಅಂಕಲ್ ಮಾತ್ರ ಹಾಗೆನ್ನಲು ಬಿಡುವುದಿಲ್ಲ. 12 ಮೀಟರ್ ಅಂದರೆ 39 ಅಡಿ ನಾಲ್ಕೂವರೆ ಇಂಚು. ಉಳಿದ ಏಳೂವರೆ ಇಂಚಿನಲ್ಲಿ ಒಂದು ಬೇಕರಿ ಬದುಕಬಹುದು, ಸಾಯಬಹುದು.

ಅಳೆಯುವುದೂ ಸುಲಭವಲ್ಲ. ರಸ್ತೆಯ ಅಗಲವೆಂದರೆ ಬರೀ ಡಾಂಬರಲ್ಲ, ಈ ಸೈಟಿನ ಗಡಿಯಿಂದ ಎದುರು ಸೈಟಿನ ಗಡಿಯವರೆಗೆ, ಚರಂಡಿ ಫುಟ್‌ಪಾತ್ ಎಲ್ಲ ಸೇರಿ. ನಮ್ಮ ಬೀದಿಯಲ್ಲಿ ಆ ಗಡಿ ಯಾವುದೆಂದು ಹೇಳುವವರು ಯಾರು? ಒಬ್ಬರು ಕಾರಿಗೆ ರ‍್ಯಾಂಪ್ ಎಳೆದಿದ್ದಾರೆ, ಇನ್ನೊಬ್ಬರು ಚರಂಡಿಯ ಮೇಲೆ ಗ್ರಿಲ್ ಕಟ್ಟಿ ಕರಿಬೇವು ಬೆಳೆಸಿದ್ದಾರೆ. ಕರಿಬೇವಿನವರು ಬೀದಿಗೆಲ್ಲ ಕರಿಬೇವು ಹಂಚುವುದರಿಂದ ಆ ಜಾಗಕ್ಕೆ ಬಂದಾಗ ಎಲ್ಲರೂ ಟೇಪನ್ನು ಸ್ವಲ್ಪ ಸಡಿಲ ಬಿಡಿ ಎನ್ನುತ್ತಾರೆ. ಅಂಕಲ್ ಬಿಗಿಯಾಗಿ ಎಳೆಯುತ್ತಾರೆ. ಆಮೇಲೆ ಎರಡು ಎಸಳು ಮುರಿದುಕೊಂಡು ಜೇಬಿಗೆ ಹಾಕಿಕೊಳ್ಳುತ್ತಾರೆ.

ಹೋದ ವರ್ಷ ಅವರ ಕಣ್ಣು ಮೂರನೇ ಮನೆಯ ಚಕ್ಕುಲಿ ಆಂಟಿಯ ಮೇಲೆ ಬಿತ್ತು. ಆಕೆ ಅಡುಗೆಮನೆಯಲ್ಲೇ ಚಕ್ಕುಲಿ, ಕೋಡುಬಳೆ ಮಾಡಿ ವಾಟ್ಸಾಪಿನಲ್ಲಿ ಮಾರುತ್ತಾರೆ. ಬೋರ್ಡಿಲ್ಲ, ಶಟರಿಲ್ಲ. ಗೇಟಿನ ಮುಂದೆ ಡೆಲಿವರಿ ಹುಡುಗರ ಬೈಕು ಮಾತ್ರ. ಅಂಕಲ್ ಬಾಗಿಲು ತಟ್ಟಿದರು.

"ಏನಮ್ಮಾ, ಇದು ವಸತಿ ಪ್ರದೇಶ ಅಂತ ಗೊತ್ತು ತಾನೇ?"

"ಬನ್ನಿ ಅಂಕಲ್, ಬಿಸಿ ಬಿಸಿ ಇದೆ."

ಚಕ್ಕುಲಿ ತಿನ್ನುತ್ತಲೇ ಅಳತೆ ನಡೆಯಿತು. ಮನೆಯೊಳಗೆ ಇಂಥ ಪೂರಕ ಬಳಕೆ ಕಟ್ಟಡದ ಶೇಕಡಾ 20 ಅಥವಾ 50 ಚದರ ಮೀಟರ್, ಯಾವುದು ಕಡಿಮೆಯೋ ಅಷ್ಟನ್ನು ಮೀರುವಂತಿಲ್ಲ. ಅಡುಗೆಮನೆ ಹತ್ತು ಬೈ ಎಂಟು. ಅಲ್ಲಿಗೆ ಪಾಸ್. ಅಷ್ಟರಲ್ಲಿ ತಾರಸಿಯ ಮೇಲೆ ಸೀರೆ ಹಾಸಿ ಒಣಗಿಸಿದ್ದ ಸಂಡಿಗೆ ಕಣ್ಣಿಗೆ ಬಿತ್ತು. ಸಂಡಿಗೆ ಒಣಗುವ ಜಾಗ ಕಟ್ಟಡದ ಲೆಕ್ಕಕ್ಕೆ ಬರುತ್ತದೆಯೋ ಇಲ್ಲವೋ? ಬಿಸಿಲು ಯಾವ ವಲಯದ್ದು? ಅಂಕಲ್ ಮುಖದಲ್ಲಿ ಅವತ್ತು ಕಂಡಂಥ ಆನಂದ ಮೊಮ್ಮಗ ಹುಟ್ಟಿದ ಸುದ್ದಿ ಬಂದಾಗಲೂ ಕಂಡಿರಲಿಲ್ಲ ಎಂದು ಅವರ ಮನೆಯವರೇ ಹೇಳಿದರು.

ಅದು ಸಾಲದೆಂದು ಕರೆಂಟ್ ಬಿಲ್ಲೂ ಹೊರಬಂತು. ಗೃಹಬಳಕೆಯ ದರದಲ್ಲೇ ಮನೆಯ ಒಂದು ಭಾಗದಲ್ಲಿ ಏನೇನು ಕಸುಬು ಮಾಡಬಹುದೆಂದು ವಿದ್ಯುತ್ ದರದ ಆದೇಶದಲ್ಲಿ ಒಂದು ಪಟ್ಟಿ ಇದೆ. ಅದನ್ನು ಅಂಕಲ್ ಸಹಸ್ರನಾಮದಂತೆ ಹೇಳುತ್ತಾರೆ: ಕೈಮಗ್ಗ, ಟೈಲರಿಂಗ್, ಟೈಪಿಂಗ್, ಅಕ್ಕಸಾಲೆ, ಅಗಸರ ಕೆಲಸ, ಬ್ಯೂಟಿ ಪಾರ್ಲರು, ವಕೀಲಿ, ವೈದ್ಯ, ಜ್ಯೋತಿಷ್ಯ, ಚಾಕಿ ಸಾಕಾಣಿಕೆ. ಮನೆ ಮೀಟರಿನಲ್ಲಿ ರೇಷ್ಮೆಹುಳು ಸಾಕಿಕೊಳ್ಳಿ, ಅದರ ಜಾತಕವನ್ನೂ ಬರೆಸಿಕೊಳ್ಳಿ. "ಚಾಕಿ ಇದೆಯಮ್ಮಾ, ಚಕ್ಕುಲಿ ಇಲ್ಲ!"

"ನಾನು ಕರಿಯೋದು ಗ್ಯಾಸಲ್ಲಿ ಅಂಕಲ್."

ಅಂಕಲ್ ಒಂದು ಕ್ಷಣ ತಬ್ಬಿಬ್ಬಾದರು. ಆದರೂ ಮನೆಗೆ ಹೋಗಿ ದೂರು ಬರೆದರು. ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದ ಮೇಲೆ ದೂರು ಯಾರಿಗೆಂಬ ಗೊಂದಲ ಎಲ್ಲರಿಗೂ ಇದೆ, ಅವರಿಗಿಲ್ಲ. ಐವರಿಗೂ ಪ್ರತಿ ಹೋಯಿತು.

ನೋಟಿಸು ಬಂತು. ಆಂಟಿ ಗಾಬರಿಯಾಗಿ ಓಡಿದ್ದು ಯಾರ ಬಳಿಗೆ? ಈ ಬೀದಿಯಲ್ಲಿ ನೋಟಿಸು ಓದಲು ಬರುವುದು ಒಬ್ಬರಿಗೇ. ಅಂಕಲ್ ಕನ್ನಡಕ ಏರಿಸಿ, ತಮ್ಮದೇ ದೂರಿನ ಮೇಲೆ ಬಂದ ನೋಟಿಸನ್ನು ಕೆಂಪು ಪೆನ್ನಿನಿಂದ ತಿದ್ದಿ, "ಛೆ, ಕಲಮು ತಪ್ಪು ಹಾಕಿದಾರೆ" ಎಂದು ಬೇಸರಿಸಿಕೊಂಡು, ಉತ್ತರ ಬರೆದುಕೊಟ್ಟರು. ಅಡುಗೆಮನೆಯ ನಕ್ಷೆ ಲಗತ್ತು. ವರ್ಷದ ವಹಿವಾಟು 12 ಲಕ್ಷದೊಳಗೆ ಇರುವುದರಿಂದ ಆಹಾರ ಸುರಕ್ಷತಾ ಪ್ರಾಧಿಕಾರದಲ್ಲಿ ಬರೀ ನೋಂದಣಿ ಸಾಕೆಂದು ಅದನ್ನೂ ತಾವೇ ಕೂತು ಮಾಡಿಸಿದರು. ವಾರ್ಡ್ ಕಚೇರಿಯ ಎಂಜಿನಿಯರು ದೂರು, ಉತ್ತರ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರಂತೆ. ಎರಡೂ ಒಂದೇ ಕೈಬರಹ. ಉತ್ತರವೇ ಚೆನ್ನಾಗಿದೆ ಎಂದು ಫೈಲು ಮುಚ್ಚಿದರು. ಅಂಕಲ್ ಸೋತರು, ಅಂಕಲ್ ಗೆದ್ದರು. ಮೇಲ್ಮನವಿ ಹಾಕಬೇಕೋ ಬೇಡವೋ ಎಂದು ವಾರವೆಲ್ಲ ಯೋಚಿಸಿದರು.

ಗಣೇಶನ ಹಬ್ಬ, ರಾಜ್ಯೋತ್ಸವ ಬಂದರಂತೂ ಅವರಿಗೆ ನಿದ್ದೆಯಿಲ್ಲ. ಹುಡುಗರ ಸಮಿತಿಗೆ ಪೆಂಡಾಲಿನ ಅನುಮತಿ, ಮೈಕಿನ ಲೈಸೆನ್ಸು, ಬೆಸ್ಕಾಂ ತಾತ್ಕಾಲಿಕ ಸಂಪರ್ಕ, ಎಲ್ಲ ಅರ್ಜಿಯನ್ನೂ ಬರೆದುಕೊಡುವವರು ಅವರೇ. ರಾತ್ರಿ ಹತ್ತಕ್ಕೆ ಐದು ನಿಮಿಷ ಇರುವಾಗ ಮೊಬೈಲ್ ಹಿಡಿದು ಸ್ಟೇಜಿನ ಕೆಳಗೆ ನಿಲ್ಲುವವರೂ ಅವರೇ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಂತೆ ವಸತಿ ಪ್ರದೇಶಕ್ಕೆ ಹಗಲು 55 ಡೆಸಿಬಲ್, ರಾತ್ರಿ 45. ವರ್ಷಕ್ಕೆ ಹದಿನೈದು ದಿನ ಮಧ್ಯರಾತ್ರಿವರೆಗೆ ವಿನಾಯಿತಿ ಕೊಡಬಹುದಂತಲ್ಲ ಅಂಕಲ್ ಎಂದು ಒಬ್ಬ ಹುಡುಗ ಎಲ್ಲೋ ಓದಿಕೊಂಡು ಬಂದಿದ್ದ. "ಅದನ್ನ ಸರ್ಕಾರ ಕೊಡ್ಬೇಕು ಕಣೋ, ನಿನ್ನ ಆರ್ಕೆಸ್ಟ್ರಾದವನಲ್ಲ!" ಎಂದು ಅಂಕಲ್ ಗುಡುಗಿದರು. ಮೊಬೈಲಿನ ಮುಳ್ಳು ಆ ರಾತ್ರಿಯಲ್ಲೇ ಅತಿ ಎತ್ತರಕ್ಕೆ ಹಾರಿದ್ದು ಆ ಮಾತಿಗೆ.

ಈಚೆಗೆ ಮೊಮ್ಮಗನ ನಾಮಕರಣ ಇಲ್ಲೇ ಮಾಡಬೇಕೆಂದು ಮಗ ಸೊಸೆ ಬಂದರು. ಮನೆಯ ಮುಂದೆ ರಸ್ತೆಗೆ ಅಡ್ಡ ಶಾಮಿಯಾನ, ಒಂದು ದಿನದ ಮಟ್ಟಿಗೆ. ಅಂಕಲ್ ಎಲ್ಲ ಕಡೆ ಅರ್ಜಿ ಹಾಕಿ, ರಸೀದಿ ಪಡೆದು, ಆಂಬುಲೆನ್ಸಿಗೆ ದಾರಿ ಬಿಟ್ಟ ನಕ್ಷೆಯನ್ನು ಗೇಟಿಗೆ ಅಂಟಿಸಿದರು. ಆಕ್ಷೇಪಣೆಗೆ ಏಳು ದಿನ ಗಡುವೆಂದು ತಾವೇ ಕೆಳಗೆ ಬರೆದರು. ಏಳು ದಿನ ಕಳೆಯಿತು, ಒಬ್ಬರೂ ಬರಲಿಲ್ಲ. ಎಂಟನೆಯ ದಿನ ಬೆಳಗ್ಗೆ ಎದುರುಮನೆಯವರ ಗೇಟು ಸದ್ದಾಯಿತು.

"ನೀವೊಂದು ತಕರಾರು ಬರ್ಕೊಡಿ ಸ್ವಾಮಿ. ಫೈಲು ಬೋಳುಬೋಳಾಗಿ ಕಾಣ್ತಿದೆ."

"ನಂಗೆ ಅವೆಲ್ಲ ಬರೆಯೋಕೆ ಬರಲ್ಲ ಸಾರ್."

"ಪೆನ್ ತಗೊಳ್ಳಿ. ನಾನು ಹೇಳ್ತೀನಿ, ನೀವು ಬರ್ಕೊಳ್ಳಿ."