ಈರುಳ್ಳಿ ಸೀಮೆಗೆ ಬಂದ ಆಲೂಗಡ್ಡೆ

ಬಬ್ಬೂರು ಎಂದರೆ ಹೊರಗಿನವರಿಗೆ ನೆನಪಾಗುವುದು ಎರಡೇ ಸಂಗತಿ. ಪತ್ರಿಕೆಯ ವಧೂವರರ ಜಾಹೀರಾತು ಓದುವವರಿಗೆ ಬಬ್ಬೂರುಕಮ್ಮೆ, ಹೊಲ ಉಳುವವರಿಗೆ ಬಬ್ಬೂರು ಫಾರಂ. ಒಂದು ಪಂಗಡಕ್ಕೆ ಹೆಸರು ಕೊಟ್ಟು, ಒಂದು ಕೃಷಿ ಸಂಶೋಧನಾ ಕೇಂದ್ರಕ್ಕೆ ಜಾಗ ಕೊಟ್ಟು ನಮ್ಮೂರು ಹಿರಿಯೂರಿನ ಮಗ್ಗುಲಲ್ಲಿ ತಣ್ಣಗೆ ಕೂತಿದೆ. ತಣ್ಣಗೆ ಎಂದದ್ದು ಮಾತಿಗೆ. ಏಪ್ರಿಲ್‌ನಲ್ಲಿ ಒಮ್ಮೆ ಬಂದು ನೋಡಿ. ಈ ಎರಡರ ಸಾಲಿಗೆ ನಮ್ಮ ಮನೆಯ ಸಮೋಸವೂ ಸೇರಬೇಕೆಂಬುದು ಅತ್ತಿಗೆಯ ಮಹದಾಸೆ. ಸೇರಲಿ, ಆದರೆ ಅದರ ಹೊಟ್ಟೆಯಲ್ಲಿ ಆಲೂಗಡ್ಡೆ ಇರಕೂಡದು ಎಂಬುದು ಅಮ್ಮನ ಷರತ್ತು.

ಷರತ್ತಿಗೆ ಕಾರಣ ನಮ್ಮ ಮಣ್ಣಿನಲ್ಲೇ ಇದೆ. ಚಿತ್ರದುರ್ಗ ಜಿಲ್ಲೆ ಈರುಳ್ಳಿ ಸೀಮೆ. ಚಳ್ಳಕೆರೆ, ಹಿರಿಯೂರು, ದುರ್ಗದ ಸುತ್ತಮುತ್ತ ಮುಂಗಾರನ್ನು ನಂಬಿ ಈರುಳ್ಳಿ ಹಾಕುವವರು ಬಹಳ. ಬೆಲೆ ಬಂದ ವರ್ಷ ಮನೆಗೆ ಸುಣ್ಣಬಣ್ಣ, ಬೆಲೆ ಬಿದ್ದ ವರ್ಷ ರಸ್ತೆ ಬದಿಯಲ್ಲಿ ಗಡ್ಡೆಯ ರಾಶಿ. ನಮ್ಮ ಅಡುಗೆಮನೆಯಲ್ಲಿ ಮಾತ್ರ ಎರಡೂ ವರ್ಷ ಈರುಳ್ಳಿಯದೇ ದರ್ಬಾರು. ಬೆಲೆ ಬಿದ್ದಾಗ ಕೊಳೆಯುವುದರೊಳಗೆ ಮುಗಿಸಬೇಕೆಂದು, ಬೆಲೆ ಏರಿದಾಗ ನಾವೂ ತಿನ್ನುವವರೇ ಎಂದು ಅಕ್ಕಪಕ್ಕದವರಿಗೆ ಗೊತ್ತಾಗಲೆಂದು.

ಹಿರಿಯೂರು ಬಸ್‌ಸ್ಟ್ಯಾಂಡ್ ಕೂಡ ಅಮ್ಮನ ಪಕ್ಷವೇ. ಬೆಂಗಳೂರು–ಪುಣೆ ಹೆದ್ದಾರಿಯೂ ಬಳ್ಳಾರಿಯಿಂದ ಮೈಸೂರಿಗೆ ಹೋಗುವ ದಾರಿಯೂ ಸೇರುವ ಊರು ಅದು. ಬಸ್ಸು ನಿಂತರೆ ಸಾಕು, ಅಗಲ ಬುಟ್ಟಿ ಹೊತ್ತ ಹುಡುಗರು ಹತ್ತುತ್ತಾರೆ. ಅವರ ಬುಟ್ಟಿಯ ಸಮೋಸ ಚಪ್ಪಟೆ. ಕಾಗದದಷ್ಟು ತೆಳುವಾದ ಪಟ್ಟಿಯನ್ನು ಮಡಚಿ ಮಡಚಿ ಮಾಡಿದ್ದು, ಒಳಗೆ ಖಾರದ ಈರುಳ್ಳಿ. ಈರುಳ್ಳಿಯ ನೀರು ಹೀರಲೆಂದು ಒಂದಿಷ್ಟು ಅವಲಕ್ಕಿ ಸೇರಿಸುವುದು ಈ ಕಸುಬಿನವರ ಗುಟ್ಟು. ಕಚ್ಚಿದರೆ ಚೂರು ಮಡಿಲಿಗೆ ಬೀಳುತ್ತದೆ, ಪಕ್ಕದ ಸೀಟಿನವರ ಮಡಿಲಿಗೂ ಬೀಳುತ್ತದೆ. ಅಮ್ಮನಿಗೆ ಸಮೋಸ ಅಂದರೆ ಇದು. ಮದುವೆಯಾಗಿ ಬಂದ ಮೇಲೆ ಅಪ್ಪ ಕೊಡಿಸಿದ ಮೊದಲ ತಿಂಡಿ ಇದೇ ಎಂಬ ಮಾತೂ ಇದೆ. ಅಪ್ಪ ಅದನ್ನು ಒಪ್ಪಿಯೂ ಇರಲಿಲ್ಲ, ಅಲ್ಲಗಳೆದೂ ಇರಲಿಲ್ಲ.

ಹೀಗಿರುವ ಮನೆಗೆ ಹಾಸನದಿಂದ ಸೊಸೆ ಬಂದರು.

ಹಾಸನದವರಿಗೆ ಆಲೂಗಡ್ಡೆಯ ವಿಷಯದಲ್ಲಿ ಒಂದು ಬಗೆಯ ವಂಶಾಭಿಮಾನವಿದೆ. ಮೇ–ಜೂನ್‌ನಲ್ಲಿ ಮಳೆ ಬಿದ್ದರೆ ಅಲ್ಲಿನ ಮಾರುಕಟ್ಟೆಯಲ್ಲಿ ಬಿತ್ತನೆ ಗಡ್ಡೆಯ ಲಾರಿಗಳು ಸಾಲುಗಟ್ಟುತ್ತವೆ. ಅಂಗಮಾರಿ ರೋಗ ಬಂದು ಬೆಳೆ ಎಷ್ಟೋ ಕಡೆ ಇಳಿದುಹೋದರೂ ಅಭಿಮಾನ ಇಳಿದಿಲ್ಲ. ಅತ್ತಿಗೆ ತವರಿನಿಂದ ಬರುವಾಗ ಸೀರೆಯ ಚೀಲದ ಜೊತೆಗೆ ಆಲೂಗಡ್ಡೆಯ ಚೀಲವೂ ಇರುತ್ತದೆ. ಬಂದ ಹೊಸತರಲ್ಲೇ ಹೇಳಿಬಿಟ್ಟರು:

“ಆಲೂಗಡ್ಡೆ ಇಲ್ದೆ ಅದು ಸಮೋಸ ಹೆಂಗಾಗುತ್ತೆ ಅತ್ತೆ? ನಮ್ಮ ಹಾಸನದ ಗಡ್ಡೆ ಹಾಕಿ ಒಂದ್ಸಲ ಮಾಡ್ತೀನಿ, ನೋಡಿ.”

“ನಿಮ್ಮ ಹಾಸನದ್ದು ಗೊತ್ತೈತೆ ಕಣವ್ವ. ಬೀಜ ಜಲಂಧರದಿಂದ ಲಾರೀಲಿ ಬರ್ತದೆ. ಹೆಸ್ರು ನೋಡಿದ್ರೆ ಶಿಮ್ಲಾದ್ದು. ನಿಮ್ಮದು ಏನೈತೆ ಅದ್ರಾಗೆ?”

“ಮಣ್ಣು ನಮ್ದು ಅತ್ತೆ.”

“ಮಣ್ಣು ತೊಳ್ದು ತಾನೇ ಬೇಯ್ಸೋದು?”

ಶಾಲೆಗೆ ಹೆಚ್ಚು ಹೋಗದ ಅಮ್ಮನಿಗೆ ಜಲಂಧರ, ಶಿಮ್ಲಾ ಎಲ್ಲ ಗೊತ್ತಾದದ್ದು ಪಕ್ಕದ ಮನೆಯ ಮಾವನಿಂದ. ಅವರು ಫಾರಂನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಫಾರಂ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಿಂದ ಶಿವಮೊಗ್ಗದ ವಿಶ್ವವಿದ್ಯಾಲಯಕ್ಕೆ ಹೋದರೂ ಅವರು ಮಾತ್ರ ನಮ್ಮ ಜಗಲಿಯಿಂದ ಎಲ್ಲಿಗೂ ಹೋಗಿಲ್ಲ. ಹಾಸನದ ಹೊಲಗಳಲ್ಲಿ ಬಹಳ ಕಾಲದಿಂದ ಕಾಣುವ ತಳಿ ಕುಫ್ರಿ ಜ್ಯೋತಿ. ಶಿಮ್ಲಾದ ಆಲೂಗಡ್ಡೆ ಸಂಶೋಧನಾ ಸಂಸ್ಥೆ 1968ರಲ್ಲಿ ಬಿಡುಗಡೆ ಮಾಡಿದ್ದು. ಕುಫ್ರಿ ಎಂಬುದು ಶಿಮ್ಲಾ ಹತ್ತಿರದ ಬೆಟ್ಟದೂರು. ಇದನ್ನೆಲ್ಲ ಅಮ್ಮನ ಕಿವಿಗೆ ಹಾಕಿದವರು ಅವರೇ. ಅತ್ತಿಗೆ ಇವತ್ತಿಗೂ ಅವರಿಗೆ ಸಕ್ಕರೆ ಕಡಿಮೆ ಹಾಕಿದ ಟೀಯನ್ನೇ ಕಳಿಸುವುದು. ಅವರಿಗೆ ಸಕ್ಕರೆ ಕಾಯಿಲೆಯೇನೂ ಇಲ್ಲ.

ಕೊನೆಗೆ ಒಂದು ಒಪ್ಪಂದವಾಯಿತು. ಕಣಕ ಅಮ್ಮನದು, ಹೂರಣ ಅತ್ತಿಗೆಯದು. ಎಣ್ಣೆ ತರುವುದು ಅಣ್ಣ. ಸಿಪ್ಪೆ ಸುಲಿಯುವುದು, ಟೀ ಕಾಯಿಸುವುದು, ಯಾರ ಪರವೂ ವಹಿಸದಿರುವುದು ನಾನು.

ಕಣಕದ ಅಧಿಕಾರ ಅಮ್ಮ ಸುಮ್ಮನೆ ಪಡೆದದ್ದಲ್ಲ. ಸಮೋಸ ಮನೆಗೆ ಬರುವ ಎಷ್ಟೋ ಮೊದಲಿಂದ ಕರ್ಜಿಕಾಯಿ, ಕರಿಗಡುಬು ಮಾಡಿದ ಕೈ ಅದು. ಕಾಲು ಕಿಲೋ ಮೈದಾಕ್ಕೆ ನಾಲ್ಕು ದೊಡ್ಡ ಚಮಚ ಎಣ್ಣೆ, ಉಪ್ಪು, ಅಂಗೈಯಲ್ಲಿ ತಿಕ್ಕಿದ ಓಂಕಾಳು. ನೀರು ಮುಟ್ಟಿಸುವ ಮೊದಲು ಎಣ್ಣೆಯನ್ನು ಹಿಟ್ಟಿಗೆ ಉಜ್ಜುತ್ತ ಕೂರಬೇಕು. ಮುಷ್ಟಿಯಲ್ಲಿ ಹಿಡಿದರೆ ಹಿಟ್ಟು ಉಂಡೆಯಾಗಿ ನಿಲ್ಲಬೇಕು, ಬೆರಳು ತಾಗಿದರೆ ಪುಡಿಯಾಗಬೇಕು. ಎಣ್ಣೆ ಹಿಟ್ಟಿನ ಕಣಗಳಿಗೆ ಮೆತ್ತಿಕೊಂಡರೆ ನೀರು ಬಿದ್ದಾಗ ಜಿಗುಟು ಕಟ್ಟುವುದಿಲ್ಲ, ಆಗಲೇ ಗರಿಗರಿ ಬರುವುದು ಎಂದು ಫಾರಂ ಮಾವ ಜಗಲಿಯಿಂದಲೇ ವಿವರಿಸುತ್ತಾರೆ. ಅಮ್ಮನಿಗೆ ವಿವರಣೆ ಬೇಕಿಲ್ಲ. ಎಣ್ಣೆ ಕಡಿಮೆಯಾದರೆ ಚಪ್ಪಲಿ, ಹೆಚ್ಚಾದರೆ ಪುಡಿಪುಡಿ. ಅವಳ ಶಾಸ್ತ್ರ ಇಷ್ಟೇ. ಆಮೇಲೆ ನೀರನ್ನು ಸಾಲ ಕೊಡುವವರ ಹಾಗೆ ಚಿಮುಕಿಸಿ, ಪೂರಿಗಿಂತ ಗಟ್ಟಿಯಾಗಿ ಕಲಸಿ, ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡುತ್ತಾಳೆ. ಆ ಅರ್ಧ ಗಂಟೆಯಲ್ಲಿ ಹೂರಣದ ಬಗ್ಗೆ ಹೇಳಬೇಕಾದದ್ದನ್ನೆಲ್ಲ ಹೇಳಿ ಮುಗಿಸುತ್ತಾಳೆ.

ಅತ್ತಿಗೆಯ ಹೂರಣ ನಿಜಕ್ಕೂ ಚೆನ್ನಾಗಿರುತ್ತದೆ. ಈ ಮಾತನ್ನು ಬರೆಯಬಲ್ಲೆ, ಮನೆಯಲ್ಲಿ ಹೇಳಲಾರೆ. ಬೇಯಿಸಿದ ಗಡ್ಡೆಯನ್ನು ಅವರು ಹಿಸುಕುವುದಿಲ್ಲ, ಬೆರಳಲ್ಲಿ ಒಡೆಯುತ್ತಾರೆ. ನುಣ್ಣಗಾದರೆ ಅದು ಬೋಂಡದ ಒಳಗಿನದು, ಸಮೋಸದ್ದಲ್ಲ. ಕುಟ್ಟಿದ ಧನಿಯಾ, ಸೋಂಪು, ಜೀರಿಗೆ, ಶುಂಠಿ, ಹಸಿಮೆಣಸಿನಕಾಯಿ, ಬಟಾಣಿ, ಹುಳಿಗೆ ಆಮ್‌ಚೂರ್. ನಿಂಬೆಹಣ್ಣು ಹಿಂಡಿದರೆ ನೀರಾಗುತ್ತದೆ ಎಂಬುದು ಅವರ ವಾದ. ಮನೆ ಹಿಂದೆಯೇ ನಿಂಬೆಗಿಡ ಇರುವಾಗ ಅಂಗಡಿಯ ಪುಡಿ ಯಾಕೆ ಎಂಬುದು ಅಮ್ಮನದು. ಹೊಸ ಗಡ್ಡೆಯಲ್ಲಿ ನೀರು ಜಾಸ್ತಿ, ಕೋಲ್ಡ್ ಸ್ಟೋರೇಜಿನ ತಣ್ಣನೆ ಗಡ್ಡೆಯಲ್ಲಿ ಪಿಷ್ಟ ಸಕ್ಕರೆಯಾಗಿ ಸಿಹಿ ಹತ್ತುತ್ತದೆ, ಕರಿದರೆ ಕಪ್ಪಗಾಗುತ್ತದೆ ಎಂದು ಜಗಲಿಯಿಂದ ಮತ್ತೆ ಪ್ರಸಾರವಾಗುತ್ತದೆ. ಹಾಗಾದರೆ ಯಾವ ಗಡ್ಡೆ ತರಬೇಕು ಮಾವ ಎಂದು ಕೇಳಿದರೆ, “ಅದಕ್ಕೇ ನಿಮ್ಮಮ್ಮ ಈರುಳ್ಳಿ ಅಂತಿರೋದು” ಎಂದು ಎದ್ದು ಹೋಗುತ್ತಾರೆ.

ಆಕಾರದ ಹಂತಕ್ಕೆ ಬಂದಾಗ ಕೆಲಸ ನಿಲ್ಲುತ್ತದೆ. ಅಣ್ಣ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಅಮ್ಮ ಲಟ್ಟಿಸಿದ ಹಾಳೆಯನ್ನು ನಡುವೆ ಕತ್ತರಿಸಿ, ಅರ್ಧ ಚಂದ್ರವನ್ನು ಕೈಯಲ್ಲಿ ಹಿಡಿದು ಪಾಠ ಶುರುಮಾಡುತ್ತಾನೆ. ಅರ್ಧವೃತ್ತವನ್ನು ಸುತ್ತಿ ಶಂಕು ಮಾಡಿದರೆ ಅದರ ಬಾಯಿಯ ಅಗಲ ಓರೆ ಎತ್ತರಕ್ಕೆ ಸರಿಸಮ. ಆದ್ದರಿಂದ ಪಕ್ಕದಿಂದ ನೋಡಿದರೆ ಮೂರು ಬದಿಯೂ ಸಮವಾದ ತ್ರಿಕೋನ. ಸಮೋಸಕ್ಕೆ ಆ ರೂಪ ಕೊಟ್ಟದ್ದು ಬಾಣಸಿಗನಲ್ಲ, ಜ್ಯಾಮಿತಿ. ಕೇಳಲು ಸೊಗಸಾಗಿದೆ, ಲೆಕ್ಕವೂ ಸರಿ. ಅಷ್ಟರಲ್ಲಿ ಅವನ ಕೈಯ ಹಾಳೆ ಒಣಗಿ ಅಂಚು ಬಿರುಕು ಬಿಟ್ಟಿರುತ್ತದೆ. ಅಮ್ಮ ಅದನ್ನು ಕಿತ್ತುಕೊಂಡು, ಅಂಚಿಗೆ ನೀರು ಸವರಿ, ಹೂರಣ ತುಂಬಿ, ಮಡಚಿ, ಕರ್ಜಿಕಾಯಿ ಚಕ್ರದಿಂದ ಸರ್ರನೆ ಕತ್ತರಿಸಿ ತಟ್ಟೆಗೆ ಇಡುತ್ತಾಳೆ. ಎರಡು ಮೂಲೆಯ ಸಮೋಸ. ಅತ್ತಿಗೆ ಅದನ್ನು ನೋಡುವ ನೋಟವನ್ನು ಇಲ್ಲಿ ವರ್ಣಿಸುವುದು ಬೇಡ.

ಚರಿತ್ರೆಯನ್ನು ಕಣಕ್ಕೆ ಇಳಿಸಿದ್ದು ಅಣ್ಣನ ಮಗಳು. ಪಿಯುಸಿಯಲ್ಲಿ ಇತಿಹಾಸ ಓದುವ ಹುಡುಗಿ, ತನ್ನ ತಾಯಿಗೆ ಬಲ ಬರಲಿ ಎಂದು ಮೊಬೈಲು ತೆಗೆದು ಓದಿದಳು. 14ನೇ ಶತಮಾನದಲ್ಲಿ ಮೊರೊಕ್ಕೊದಿಂದ ಬಂದ ಇಬ್ನ್ ಬತೂತ, ದೆಹಲಿಯಲ್ಲಿ ಮಹಮ್ಮದ್ ಬಿನ್ ತುಘಲಕನ ಊಟದ ಪಂಕ್ತಿಯಲ್ಲಿ ಸಂಬೂಸಕ್ ಎಂಬ ತಿಂಡಿ ಕಂಡ. ತೆಳು ಹಾಳೆಯೊಳಗೆ ಕೊಚ್ಚಿದ ಮಾಂಸ, ಬಾದಾಮಿ, ಪಿಸ್ತಾ, ಮಸಾಲೆ, ಈರುಳ್ಳಿ ತುಂಬಿ ತುಪ್ಪದಲ್ಲಿ ಕರಿದದ್ದು. ಮಾಂಸದ ಹತ್ತಿರ ಹುಡುಗಿ ದನಿ ತಗ್ಗಿಸಿದಳು. ಅಮ್ಮನ ಕಿವಿಗೆ ಬಿದ್ದದ್ದು ಕೊನೆಯ ಪದ ಒಂದೇ.

“ನೋಡಿದ್ಯೇನವ್ವ? ಆ ಪುಣ್ಯಾತ್ಮ ಈರುಳ್ಳಿ ಅಂತ ಬರೆದಿಟ್ಟು ಹೋಗ್ಯಾನೆ. ಆಲೂಗಡ್ಡೆ ಎಲ್ಲೈತೆ?”

ಎಲ್ಲಿ ಇರಬೇಕು? ಅದಿನ್ನೂ ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳಲ್ಲೇ ಇತ್ತು. ಯುರೋಪಿನವರು ಅದನ್ನು ಹಡಗಿಗೆ ಹಾಕಿಕೊಂಡು ಇತ್ತ ತಂದದ್ದು ಎಷ್ಟೋ ಆಮೇಲೆ. ಹುಡುಗಿ ಅದನ್ನೂ ಓದಿದಳು. ಅಮ್ಮ ಗೆದ್ದ ಮುಖದಲ್ಲಿ ಈರುಳ್ಳಿ ಹೆಚ್ಚತೊಡಗಿದಳು.

ಅತ್ತಿಗೆ ಮಗಳ ಕೈಯಿಂದ ಮೊಬೈಲು ಇಸಿದುಕೊಂಡು ಇನ್ನೊಂದು ಪುಟ ಕೆಳಗೆ ಓದಿದರು. ಓದಿ ಬಹಳ ವಿನಯದಿಂದ ಹೇಳಿದರು: “ಅತ್ತೆ, ಹಸಿಮೆಣಸಿನಕಾಯೂ ಅಮೆರಿಕದ ಕಡೆಯಿಂದಲೇ ಬಂದಿದ್ದಂತೆ. ಅದನ್ನೂ ಬಿಡೋಣ್ವಾ?”

ಮಂಡಕ್ಕಿ ಮೆಣಸಿನಕಾಯಿ ತಿನ್ನದೆ ಸಂಜೆ ಕಳೆಯದ ಸೀಮೆಯಲ್ಲಿ ಕೇಳಬಾರದ ಪ್ರಶ್ನೆ. ಅಮ್ಮನ ಈಳಿಗೆ ನಿಂತಿತು.

“ಶೇಂಗಾನೂ ಅಲ್ಲಿಂದಲೇ ಅಂತೆ ಅತ್ತೆ.”

ಈ ಏಟು ಅಣ್ಣನಿಗೂ ತಾಗಿತು. ಅವನು ಅಂದು ಬೆಳಿಗ್ಗೆಯೇ ಚಳ್ಳಕೆರೆಯ ಗಾಣದ ಶೇಂಗಾ ಎಣ್ಣೆ ತಂದಿದ್ದ. ಎಣ್ಣೆ ಮಿಲ್ಲುಗಳಿಂದಲೇ ಹೆಸರಾದ ಊರು ಚಳ್ಳಕೆರೆ. ಅದರ ಎಣ್ಣೆ ಬಿಟ್ಟು ಬೇರೆಯದರಲ್ಲಿ ಕರಿದರೆ ನಮ್ಮಲ್ಲಿ ಅದು ತಿಂಡಿಯೇ ಅಲ್ಲ. ಎಣ್ಣೆ, ಖಾರ, ಆಲೂಗಡ್ಡೆ ಮೂರೂ ಅಮೆರಿಕದ ಕಡೆಯಿಂದಲೇ ಬಂದವು ಎಂದಾದ ಮೇಲೆ ಒಂದನ್ನು ಮಾತ್ರ ಬಾಗಿಲಲ್ಲಿ ನಿಲ್ಲಿಸುವುದು ಹೇಗೆ? ಅಮ್ಮ ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, “ಅವೆಲ್ಲ ಮುಂಚೆ ಬಂದವು. ನಿನ್ನ ಆಲೂಗಡ್ಡೆ ನಿನ್ನ ಜೊತೆ ಬಂತು” ಎಂದಳು. ಇತಿಹಾಸದ ಪುಸ್ತಕಗಳಿಗೆ ಇದು ಒಪ್ಪಿಗೆಯಾಗದು. ನಮ್ಮ ಮನೆಯ ಮಟ್ಟಿಗೆ ಸತ್ಯ.

ಕರಿಯುವಾಗ ಮಾತ್ರ ಅಮ್ಮನ ಹತ್ತಿರ ಯಾರೂ ಹೋಗುವುದಿಲ್ಲ. ಎಣ್ಣೆ ಹೊಗೆಯಾಡಿದರೆ ಸಮೋಸದ ಮೈಮೇಲೆಲ್ಲ ಗುಳ್ಳೆ ಏಳುತ್ತದೆ, ಹೊರಗೆ ಕೆಂಪಾಗಿ ಒಳಹಾಳೆ ಹಸಿ ಉಳಿಯುತ್ತದೆ. ಸಣ್ಣ ಉರಿಯಲ್ಲಿ, ಬಿಟ್ಟ ಕೂಡಲೇ ಸದ್ದು ಮಾಡದಷ್ಟು ಬೆಚ್ಚಗಿನ ಎಣ್ಣೆಯಲ್ಲಿ ನಿಧಾನ ಬೇಯಬೇಕು. ಒಂದು ಒಬ್ಬೆಗೆ ಹತ್ತು ಹನ್ನೆರಡು ನಿಮಿಷ. ಕರೆಂಟು ಹೋದರೂ ಫೋನು ಬಂದರೂ ಅವಳು ಉರಿ ಏರಿಸಿದ್ದನ್ನು ನಾನು ಕಂಡಿಲ್ಲ. ಅಂಗಡಿಯ ಸಮೋಸಕ್ಕೂ ಮನೆಯದಕ್ಕೂ ಇರುವ ವ್ಯತ್ಯಾಸ ಈ ಹತ್ತು ನಿಮಿಷ ಎಂಬುದು ನನ್ನ ಅಭಿಪ್ರಾಯ. ಮಿಕ್ಕದ್ದೆಲ್ಲ ಮಸಾಲೆ.

ಎರಡು ಪಕ್ಷಗಳೂ ಊರ ಮುಂದೆ ತೀರ್ಪಿಗೆ ನಿಂತದ್ದು 2022ರ ಸೆಪ್ಟೆಂಬರಿನಲ್ಲಿ. ಮಾರಿಕಣಿವೆಯ ಅಣೆಕಟ್ಟು ಕೋಡಿ ಬಿದ್ದಿತ್ತು. 1907ರಲ್ಲಿ ಕಟ್ಟಿ ಮುಗಿಸಿದ ಈ ವಾಣಿವಿಲಾಸ ಸಾಗರ 130 ಅಡಿ ತುಂಬಿ ಹರಿದದ್ದು 1933ರ ನಂತರ ಅದೇ ಮೊದಲು. ನಮ್ಮ ತಾಲ್ಲೂಕಿನಲ್ಲಿ ಹುಟ್ಟಿ, ಬೆಳೆದು, ಮುದುಕರಾಗಿ ಹೋದವರಲ್ಲಿ ಎಷ್ಟೋ ಮಂದಿ ನೋಡದ ನೀರು. ಜನ ಬುತ್ತಿ ಕಟ್ಟಿಕೊಂಡು ಬಂದರು. ಕಾರು, ಬೈಕು, ಟ್ರ್ಯಾಕ್ಟರು, ಕೈಕೂಸು, ಕೋಲೂರುವ ಅಜ್ಜಿಯರು, ಎಲ್ಲರೂ ಕೋಡಿಯ ಕಡೆಗೆ. ನಾವೂ ಎರಡು ಸ್ಟೀಲ್ ಡಬ್ಬಿ ಹಿಡಿದು ಹೋದೆವು. ಒಂದರಲ್ಲಿ ಅತ್ತಿಗೆಯ ಆಲೂಗಡ್ಡೆಯವು, ಇನ್ನೊಂದರಲ್ಲಿ ಅಮ್ಮನ ಈರುಳ್ಳಿಯವು, ಚಕ್ರದಿಂದ ಕತ್ತರಿಸಿದವು.

ಬಂಡೆಯ ಮೇಲೆ ಪಕ್ಕದಲ್ಲಿ ಕೂತಿದ್ದ ಯಜಮಾನರೊಬ್ಬರಿಗೆ ಅಮ್ಮನೂ ಅತ್ತಿಗೆಯೂ ಒಂದೊಂದು ಕೊಟ್ಟರು. ಬಿಳಿ ಪಂಚೆ, ಹಸಿರು ಟವೆಲು, ಹೊಸದುರ್ಗದ ಕಡೆಯ ಮಾತು. ಅವರು ನೀರು ನೋಡುತ್ತ ನಿಧಾನವಾಗಿ ಎರಡನ್ನೂ ತಿಂದರು. ನಮ್ಮ ಕುಟುಂಬ ಉಸಿರು ಹಿಡಿದು ನಿಂತಿತ್ತು. ಟವೆಲಿನಲ್ಲಿ ಬಾಯಿ ಒರೆಸಿಕೊಂಡು ಅವರು ಹೇಳಿದರು: “ಕರ್ಜಿಕಾಯಿ ಸೊಗಸಾಗವೆ ತಾಯಿ. ಎರಡಕ್ಕೂ ಬೆಲ್ಲ ಹಾಕೋದು ಮರ್ತೀರಿ ಅಷ್ಟೇ.”

ಅತ್ತೆ ಸೊಸೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗಲು ಶುರುಮಾಡಿದವರು ಹಿರಿಯೂರು ಬರುವವರೆಗೂ ನಿಲ್ಲಿಸಲಿಲ್ಲ. 2025ರ ಜನವರಿಯಲ್ಲಿ ಕೋಡಿ ಮತ್ತೆ ಬಿದ್ದಾಗ ಇಬ್ಬರೂ ಸೇರಿ ಬೆಲ್ಲ ಕೊಬ್ಬರಿ ಹಾಕಿದ ನಿಜವಾದ ಕರ್ಜಿಕಾಯಿಯನ್ನೇ ಮಾಡಿ ಒಯ್ದರು. ಯಜಮಾನರು ಸಿಗಲಿಲ್ಲ.

ಹಾಗೆಂದು ರಾಜಿಯಾಯಿತೆಂದು ತಿಳಿಯಬೇಡಿ. ಸಮೋಸದ ದಿನ ನಮ್ಮಲ್ಲಿ ಇಂದಿಗೂ ಎರಡು ತಟ್ಟೆ ಬರುತ್ತವೆ. ಹಿರಿಯೂರಿನ ಕಡೆ ಬಂದರೆ ಮನೆಗೆ ಬನ್ನಿ. ಎರಡೂ ತಟ್ಟೆಯಿಂದ ಒಂದೊಂದು ತೆಗೆದುಕೊಳ್ಳಿ. ಯಾವುದು ಚೆನ್ನಾಗಿದೆ ಎಂದು ಕೇಳುತ್ತಾರೆ, ಕೇಳಿಯೇ ಕೇಳುತ್ತಾರೆ. ಟೀ ಬಹಳ ಚೆನ್ನಾಗಿದೆ ಎಂದುಬಿಡಿ. ಟೀ ಮಾಡುವುದು ನಾನು.