ಗುಜರಿ ದೊಡ್ಡಪ್ಪ

ಪ್ರತಿ ಮನೆತನದಲ್ಲೂ ಹೊಸ ಸಾಮಾನು ಕಂಡರೆ ಮುಖ ಸಿಂಡರಿಸುವ ಒಬ್ಬ ಗೃಹಸ್ಥ ಇರುತ್ತಾನೆ. ಅಂಗಡಿಯವನು ಡಬ್ಬಿ ಒಡೆದು ಕೊಡುವ ಮಿಕ್ಸರ್ ಆತನಿಗೆ ರುಚಿಸುವುದಿಲ್ಲ. ಅದನ್ನು ಮೊದಲು ಯಾರಾದರೂ ಬಳಸಿ, ಬೈದು, ಅಟ್ಟಕ್ಕೆ ಹಾಕಿ, ಕಡೆಗೆ ಗುಜರಿಯವನ ತಕ್ಕಡಿಗೆ ಏರಿಸಿರಬೇಕು. ಆಗ ಆತನ ಕಣ್ಣು ಅರಳುತ್ತವೆ. "ಹಳೇ ಮಾಲು, ಗಟ್ಟಿ ಮಾಲು" ಎನ್ನುತ್ತ ಜೇಬಿಗೆ ಕೈ ಹಾಕುತ್ತಾನೆ. ಆ ಕೈ ಹೊರಗೆ ಬರುವುದು ಮಾತ್ರ ಅರ್ಧ ತಾಸು ಚೌಕಾಸಿಯಾದ ಮೇಲೆ.

ಇಂಥವರು ಊರೂರಲ್ಲಿದ್ದಾರೆ. ಬಳಗಾನೂರಿನಲ್ಲಿ ಇರುವವರು ನನ್ನ ದುರ್ದೈವಕ್ಕೆ ನನ್ನ ಸಡ್ಡಕರು. ಹೆಂಡತಿಯ ಅಕ್ಕನ ಗಂಡ. ನನ್ನ ಮಕ್ಕಳಿಗೆ ದೊಡ್ಡಪ್ಪ. ಓಣಿಯ ಹುಡುಗರು ಹಿಂದೊಂದು ವಿಶೇಷಣ ಸೇರಿಸಿ 'ಗುಜರಿ ದೊಡ್ಡಪ್ಪ' ಮಾಡಿದ್ದಾರೆ. ಅವರಿಗೆ ಬೇಸರವಿಲ್ಲ. ಆ ಹೆಸರೂ ಪುಕ್ಕಟೆ ಸಿಕ್ಕಿದ್ದಲ್ಲವೇ?

ಅವರ ಪಡಸಾಲೆಯಲ್ಲಿ ಕೂಡುವುದಕ್ಕೂ ತಿಳಿವಳಿಕೆ ಬೇಕು. ಬಲಗಡೆಯ ಕುರ್ಚಿಗೆ ಒಂದು ಕಾಲು ಗಿಡ್ಡ. ಎಡಗಡೆಯದಕ್ಕೆ ಬೆನ್ನು ಆನಿಸಬಾರದು. ಗೋಡೆಯ ಗಡಿಯಾರ ಎಂಟಕ್ಕೆ ಐದು ಸಲ ಬಡಿಯುತ್ತದೆ. ಮೂರು ಕೂಡಿಸಿಕೊಳ್ಳಬೇಕೆಂದು ಮನೆಯ ಸಣ್ಣ ಹುಡುಗಿಗೂ ಗೊತ್ತು. ಆಕೆ ಕೂಡುವ ಲೆಕ್ಕ ಕಲಿತದ್ದೇ ಹಾಗೆ. ಏರ್ ಕೂಲರ್ ಕೂಡ ಇದೆ. ರಾಯಚೂರು ಸೀಮೆಯ ಬಿಸಿಲು ನಲವತ್ತು ಡಿಗ್ರಿ ದಾಟುವ ಏಪ್ರಿಲ್ಲಿನಲ್ಲಿ ಅದು ಗಾಳಿಗಿಂತ ಸಪ್ಪಳವನ್ನೇ ಹೆಚ್ಚು ಬೀಸುತ್ತದೆ.

ಒಮ್ಮೆ ನಾನು ಬಾಯಿ ತಡೆಯದೆ, "ಅಣ್ಣಾರ, ಒಂದರೆ ಹೊಸಾದು ತಗೋಬಾರದೇನ್ರಿ?" ಎಂದೆ. ಅವರು ಸ್ಕ್ರೂಡ್ರೈವರ್ ಕೆಳಗಿಟ್ಟರು.

"ಹೊಸಾದು ಯಾವುದೈತಿ ತಮ್ಮಾ? ನಮ್ಮೂರ ನೋಡು. ಮೊದಲ ನಿಜಾಮನ ಕೈಯಾಗ ಇತ್ತು. 1948ಕ್ಕ ಭಾರತಕ್ಕ ಬಂತು. 1956ಕ್ಕ ಹೈದರಾಬಾದ್ ರಾಜ್ಯ ಒಡದು ಮೈಸೂರಿಗೆ ಕೂಡಿಸಿದ್ರು. ನಿನ್ನೆ ಮೊನ್ನೆ ತನಕ ಸಿಂಧನೂರು ತಾಲ್ಲೂಕ, ಈಗ ಮಸ್ಕಿ ತಾಲ್ಲೂಕ. ಇಷ್ಟ್ ಕೈ ದಾಟಿದ ಊರಾಗ ಕುಂತು ನನ್ನ ಕೂಲರ್ ಹಳೇದು ಅಂತೀಯಲ್ಲ!"

ಇತಿಹಾಸ ಬಲ್ಲವರ ಜೊತೆ ವಾದ ಮಾಡಬಾರದು. ಅದರಲ್ಲೂ ಕೈಗೆಟಕುವಲ್ಲಿ ಸ್ಕ್ರೂಡ್ರೈವರ್ ಇದ್ದಾಗ.

ಅವರ ಮನೆಯ ನಾಯಿಯೂ ಸೆಕೆಂಡ್ ಹ್ಯಾಂಡೇ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದ ಕಡೆಯ ರೈತರು ಬಂದು, ಹೊಲ ಹಿಡಿದು, ಭತ್ತ ಬೆಳೆದು ನೆಲೆಸಿದ ಕ್ಯಾಂಪುಗಳು ನಮ್ಮ ಸುತ್ತಲೂ ಇವೆ. ಅಂಥ ಒಂದು ಕ್ಯಾಂಪಿನಲ್ಲಿ ಹೊಲ ಲೀಸಿಗೆ ಮಾಡಿದ್ದ ರೈತರೊಬ್ಬರು ಲೆಕ್ಕ ಮುಗಿಸಿ ತಮ್ಮೂರಿಗೆ ಹೊರಟರು. ಲಾರಿಯಲ್ಲಿ ಮಂಚಕ್ಕೆ ಜಾಗವಿತ್ತು, ಫ್ರಿಜ್ಜಿಗೆ ಜಾಗವಿತ್ತು, ನಾಯಿ ರಾಜುವಿಗೆ ಇರಲಿಲ್ಲ. ಹಳೇ ಪಂಪ್‌ಸೆಟ್ ಕೇಳಲು ಹೋಗಿದ್ದ ದೊಡ್ಡಪ್ಪ ಪಂಪ್‌ಸೆಟ್ ಬಿಟ್ಟು ರಾಜುವನ್ನು ಬೈಕಿನ ಟ್ಯಾಂಕಿನ ಮೇಲೆ ಕೂಡಿಸಿಕೊಂಡು ಬಂದರು.

"ಅಸಲ್ ಮುಧೋಳ ತಳಿ" ಎಂದು ಓಣಿಗೆಲ್ಲ ಸಾರಿದರು. "2005ರಾಗ ಅಂಚೆ ಚೀಟಿ ಮ್ಯಾಲೆ ಬಂದ ನಾಯಿ ಇದು. ಹೊಟ್ಟಿ ನೋಡು, ಹೆಂಗ ಒಳಗ ಹೋಗೈತಿ."

"ಅದು ಉಪವಾಸ ಬಿದ್ದು ಒಳಗ ಹೋಗೈತ್ರಿ" ಎಂದರು ದೊಡ್ಡವ್ವ.

ರೊಟ್ಟಿ ಬಿದ್ದ ಮೇಲೆ ಹೊಟ್ಟೆ ಹೊರಗೂ ಬಂತು. ತಳಿಯ ಮಾತು ಅಲ್ಲಿಗೆ ನಿಂತಿತು. ಆದರೆ ಬೇರೊಂದು ಸಂಕಟ ಎದ್ದಿತು: ರಾಜುವಿಗೆ ಕನ್ನಡ ಬಾರದು. "ಬಾ" ಎಂದರೆ ಕಿವಿ ಅಲ್ಲಾಡಿಸದೆ ಮಲಗಿರುತ್ತದೆ; "ರಾ" ಎಂದರೆ ಬಾಲ ಬಡಿಯುತ್ತ ಓಡಿಬರುತ್ತದೆ. ಬಳಗಾನೂರು ಬಿಟ್ಟು ಆಚೆ ಹೋಗುವುದೇ ಅಪರೂಪವಾದ ದೊಡ್ಡವ್ವ, ಈಗ ಒಂದು ನಾಯಿಗಾಗಿ ತೆಲುಗು ಮಾತಾಡುತ್ತಾರೆ. ಸಿಟ್ಟು ಬಂದಾಗ ಗಂಡನಿಗೂ ಅದೇ ಭಾಷೆಯಲ್ಲಿ "ಪೋ" ಎನ್ನುತ್ತಾರೆ.

ಇಷ್ಟನ್ನೆಲ್ಲ ಸಹಿಸಬಹುದು. ಸಹಿಸಲಾಗದ್ದು ಅವರ ಜೊತೆ ಶನಿವಾರ ಭಾನುವಾರ ಹೈದರಾಬಾದಿಗೆ ಹೋಗುವುದು. ನಮ್ಮ ಭಾಗದವರಿಗೆ ಪಟ್ಟಣವೆಂದರೆ ಇವತ್ತಿಗೂ ಬೆಂಗಳೂರಿಗಿಂತ ಮೊದಲು ಹೈದರಾಬಾದೇ. ರಾಯಚೂರಿಗೆ ಬಸ್ಸು, ಅಲ್ಲಿಂದ ರೈಲು. ಒಮ್ಮೆ ಎರಡೂ ಮನೆಯವರು ಕೂಡಿ ಹೊರಟೆವು. ಮಕ್ಕಳಿಗೆ ಮೃಗಾಲಯ, ಹೆಂಗಸರಿಗೆ ಲಾಡ್ ಬಜಾರಿನ ಬಳೆ, ನನಗೆ ಬಿರಿಯಾನಿ ಅಂಗಡಿಯ ಮುಂದೆ ಸುಮ್ಮನೆ ವಾಸನೆ ಕುಡಿಯುವ ಭಾಗ್ಯ ಎಂದು ಮಾತಾಗಿತ್ತು.

ಶನಿವಾರ ಸಾಲಾರ್ ಜಂಗ್ ಮ್ಯೂಸಿಯಮ್ಮಿಗೆ ಹೋದೆವು. ಅಲ್ಲಿಯ ಹೆಸರಾಂತ ಗಡಿಯಾರದ ಮುಂದೆ ಹನ್ನೆರಡು ಗಂಟೆಗೆ ಜನ ಕಿಕ್ಕಿರಿದಿದ್ದರು. ಪುಟ್ಟದೊಂದು ಗಡ್ಡದ ಬೊಂಬೆ ಹೊರಬಂದು ಗಂಟೆ ಬಡಿಯಿತು. ದೊಡ್ಡಪ್ಪ ಬೆರಳು ಮಡಿಸಿ ಎಣಿಸಿದರು. "ಬರೋಬ್ಬರಿ ಹನ್ನೆರಡು" ಎಂದು ಹುಬ್ಬು ಗಂಟಿಕ್ಕಿದರು. "ಯಾರೋ ರಿಪೇರಿ ಮಾಡಿ ಕೆಡಿಸ್ಯಾರ."

ಮೂರನೆಯ ಸಾಲಾರ್ ಜಂಗ್, ಅಂದರೆ ಮೀರ್ ಯೂಸುಫ್ ಅಲಿ ಖಾನ್, ಸ್ವಲ್ಪ ಕಾಲ ನಿಜಾಮರ ದಿವಾನರಾಗಿದ್ದು, ಆಮೇಲೆ ಆಯುಷ್ಯವನ್ನೆಲ್ಲ ದೇಶದೇಶದ ವಸ್ತು ಕೂಡಿಸುವುದರಲ್ಲೇ ಕಳೆದವರು. 1949ರಲ್ಲಿ ತೀರಿಕೊಂಡರು, 1951ರಲ್ಲಿ ಆ ಸಂಗ್ರಹವೇ ಮ್ಯೂಸಿಯಂ ಆಯಿತು. ಇದನ್ನು ನಾನು ವಿವರಿಸಿದ್ದೇ ತಪ್ಪಾಯಿತೇನೋ. ದೊಡ್ಡಪ್ಪ ಹೆಂಡತಿಯ ಕಡೆ ತಿರುಗಿದರು.

"ಕೇಳಿದೇನು? ಆತ ತಂದ್ರ ಮ್ಯೂಸಿಯಂ, ನಾ ತಂದ್ರ ಗುಜರಿ."

ದೊಡ್ಡವ್ವ ಸೆರಗು ಸರಿಪಡಿಸಿಕೊಂಡು, "ಆತಗ ಹೆಂಡ್ತಿ ಎಷ್ಟ್ ಮಂದಿ ಇದ್ರು ಕೇಳ್ರಿ" ಎಂದರು.

"ಮದುವೆನೇ ಆಗಿರಲಿಲ್ಲ" ಎಂದೆ ನಾನು.

"ಅದಕ್ಕ ತಂದು ತುಂಬ್ಯಾನ. ಕೇಳವ್ರು ಯಾರಿದ್ರು?"

ಮರುದಿನ ಮೃಗಾಲಯ. "ಹಾದ್ಯಾಗ ಒಂದೀಟು ಎರ್ರಗಡ್ಡಕ್ಕ ಹೋಗಿ ಹೋಗೂಣು" ಎಂದರು ದೊಡ್ಡಪ್ಪ. ಮೃಗಾಲಯ ಹಳೇ ಊರಿನ ಕಡೆ. ಎರ್ರಗಡ್ಡ ಊರಿನ ಇನ್ನೊಂದು ಮಗ್ಗುಲು. ಆದರೆ ಅಲ್ಲಿ ಭಾನುವಾರ ಹಳೇ ಸಾಮಾನಿನ ಸಂತೆ ಕೂಡುತ್ತದೆ. ಗುಜರಿಪ್ರಿಯರಿಗೆ ಜಗತ್ತಿನ ಎಲ್ಲ ಹಾದಿಗಳೂ ಅಂಥ ಸಂತೆಯ ಮೂಲಕವೇ ಹಾಯುತ್ತವೆ.

ರಸ್ತೆಯ ಅಂಚಿನಲ್ಲಿ ತಾಡಪತ್ರಿ ಹಾಸಿ ಸ್ಪ್ಯಾನರು, ಚಾರ್ಜರು, ಒಂಟಿ ಬೂಟು, ರಿಮೋಟು ಹರವಿದ್ದರು. ದೊಡ್ಡಪ್ಪ ಒಂದು ಗಾಜಿನ ಮೀನಿನ ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತರು. "ಕಿತ್ತೇ ಕೂ ಭಾಯ್?" ಮಾರುವವನು ಒಂಬೈನೂರು ಎಂದ. ಇವರು ಮುನ್ನೂರು ಎಂದರು. ಎದ್ದು ನಡೆದರು, ತಿರುಗಿ ಬಂದರು, ಮತ್ತೆ ನಡೆದರು. ಕಡೆಗೆ ನಾನೂರಾ ಐವತ್ತಕ್ಕೆ ಕುದುರಿತು. ಸೋರುತ್ತದೋ ಎಂದು ನೋಡಲು ನಮ್ಮ ಕುಡಿಯುವ ನೀರಿನ ಬಾಟಲಿಯನ್ನೇ ಸುರಿದರು. ಒಂದು ಹನಿಯೂ ಸೋರಲಿಲ್ಲ. ಸೋರುವ ಜಾಗ ಒಂದು ಗೇಣು ಮೇಲಿತ್ತು.

ಆಮೇಲೆ ತೊಟ್ಟಿ ಹಿಡಿದುಕೊಂಡು ಹುಲಿ ನೋಡಲು ಹೋಗುವುದಾದೀತೇ? ಮಕ್ಕಳು ಅತ್ತರು. ಗಾಜು ನೆಲಕ್ಕಿಡಬಾರದೆಂದು ರಾಯಚೂರಿನವರೆಗೆ ಅದನ್ನು ನನ್ನ ತೊಡೆಯ ಮೇಲೆ ಕೂಡಿಸಿದರು. ಒಳಗೆ ಉಸ್ಮಾನಿಯಾ ಬಿಸ್ಕತ್ತು, ಬಳೆ, ಮಕ್ಕಳ ಚಪ್ಪಲಿ. ಇಡೀ ಡಬ್ಬಿಯ ಜನ ನಮ್ಮ ಸಂಸಾರವನ್ನು ಗಾಜಿನಲ್ಲಿಟ್ಟು ನೋಡಿದರು. ಬಸ್ಸಿನಲ್ಲಿ ಕಂಡಕ್ಟರ್ ಲಗೇಜ್ ಟಿಕೆಟ್ ಕೇಳಿದ.

"ಖಾಲಿ ಐತಲ್ರಿ. ಗಾಳಿಗೆ ಟಿಕೆಟ್ ಹರೀತೀರೇನು?" ಎಂದರು ದೊಡ್ಡಪ್ಪ.

"ಗಾಳಿಗಲ್ರಿ ಯಜಮಾನ್ರ, ಅದು ಕುಂತ ಜಾಗಕ್ಕ."

ಟಿಕೆಟ್ ತೆಗೆದದ್ದು ನಾನು.

ಇನ್ನು ಮೀನು. ಬಣ್ಣದ ಮೀನಿಗೆ ದುಡ್ಡು ಕೊಡುವ ಜಾಯಮಾನ ಅವರದಲ್ಲ. ಸಿಂಧನೂರಿನ ಆಚೆ, ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿಗಳ ಆರ್.ಎಚ್. ಕ್ಯಾಂಪಿಗೆ ಹೋಗಿ ಜೀವಂತ ಮರಿಮೀನು ಕೇಳಿದರು. ಮಾರುವಾತ ಕತ್ತಿ ಮಸೆಯುತ್ತ, "ಕೊಯ್ದು ಕೊಡ್ಲಾ?" ಎಂದನಂತೆ. ಕೊರಳಲ್ಲಿ ಲಿಂಗ ಕಟ್ಟಿದ ಮನುಷ್ಯ ಚೀಲದಲ್ಲಿ ಮೀನು ಹಿಡಿದು ಬರುವುದನ್ನು ನಮ್ಮೂರಿನವರೊಬ್ಬರು ಕಂಡರು. ಸಂಜೆಯೊಳಗೆ ಸುದ್ದಿ ಓಣಿ ಸುತ್ತಿತು. ಮುದುಕರೊಬ್ಬರು ಬುದ್ಧಿ ಹೇಳಲು ಮನೆಗೇ ಬಂದರು. ಗಿಡ್ಡ ಕಾಲಿನ ಕುರ್ಚಿಯಲ್ಲಿ ಕುಳಿತದ್ದರಿಂದ ಉಪದೇಶ ಬೇಗ ಮುಗಿಯಿತು.

ತೊಟ್ಟಿ ತುಂಬಿಸಿದ ರಾತ್ರಿಯೇ ಗೇಣಿನ ಮಟ್ಟಕ್ಕೆ ಇಳಿಯಿತು. ದೊಡ್ಡಪ್ಪ ಎಂ-ಸೀಲ್ ಮೆತ್ತಿದರು, ಡಾಂಬರು ಮೆತ್ತಿದರು. ಸೋತು, ಮೀನುಗಳನ್ನು ಕಾಲುವೆಗೆ ಬಿಟ್ಟು ಬಂದರು. ಖಾಲಿ ತೊಟ್ಟಿಯಲ್ಲಿ ಓಣಿಯ ಬೆಕ್ಕೊಂದು ಮಲಗಲು ಸುರು ಮಾಡಿ, ಅಲ್ಲೇ ಮರಿ ಹಾಕಿತು. ಈಗ ಅದು ಬಾಣಂತಿ ಕೋಣೆ. ತೊಟ್ಟಿಯೊಳಗೆ ದೊಡ್ಡಪ್ಪನ ಹಳೇ ಧೋತರ ಹಾಸಿದೆ. ಗಾಜಿನಾಚೆ ರಾಜು ಕಾವಲು.

ನನ್ನ ಮನೆಯಲ್ಲಿ ಎಲ್ಲವೂ ಹೊಸದು, ಎಲ್ಲವೂ ಕಂತಿನದು. ವಾರಂಟಿ ಮುಗಿದ ವಾರವೇ ವಾಷಿಂಗ್ ಮಷೀನ್ ನಿಂತಾಗ, ಕಂಪನಿಯ ಮನುಷ್ಯ "ಹೊಸಾದು ತಗೊಳ್ಳೋದೇ ಚಲೋ" ಎಂದು ಹೋದ. ಬಂದು ಬಿಚ್ಚಿ ಜೋಡಿಸಿದವರು ದೊಡ್ಡಪ್ಪ. ಒಂದು ಸ್ಕ್ರೂ ಉಳಿಯಿತು, ಮಷೀನ್ ನಡೆಯಿತು. ಉಳಿದ ಸ್ಕ್ರೂ ಅವರ ಜೇಬಿಗೆ ಹೋಯಿತು.

ನಮ್ಮ ಅತ್ತೆಯವರು ಇರುವುದೂ ಆ ಮನೆಯಲ್ಲೇ. ಗಂಡುಮಕ್ಕಳು ಬೆಂಗಳೂರಿನಲ್ಲಿ ಹೊಸ ಫ್ಲ್ಯಾಟ್ ಕೊಂಡಿದ್ದಾರೆ, ಜಾಗ ಸಾಲದಂತೆ. ಪಡಸಾಲೆಯ ಕಿಟಕಿಯ ಬಳಿ ಮುದುಕಿಗೊಂದು ಕುರ್ಚಿಯಿದೆ. ಅದೂ ಹರಾಜಿನದೇ. ಆ ಮನೆಯಲ್ಲಿ ನಾಲ್ಕೂ ಕಾಲು ಸಮ ಇರುವ ಕುರ್ಚಿ ಅದೊಂದೇ. ನಾನು ಎಷ್ಟೋ ಸಲ ಅದರ ಮೇಲೆ ಕಣ್ಣು ಹಾಕಿದ್ದೇನೆ. ದೊಡ್ಡಪ್ಪ ಗಿಡ್ಡ ಕಾಲಿನದನ್ನೇ ನನ್ನತ್ತ ತಳ್ಳುತ್ತಾರೆ.

ಆದ್ದರಿಂದ ವರ್ಗವಾಗಿ, ಲೀಸು ಮುಗಿದು, ಮನೆ ಖಾಲಿ ಮಾಡಿ ಹೊರಡುವವರಲ್ಲಿ ಒಂದು ವಿನಂತಿ: ಕೂಲರನ್ನು, ಕುರ್ಚಿಯನ್ನು ಬೇಕಾದವರಿಗೆ ಮಾರಿಹೋಗಿ, ದೊಡ್ಡಪ್ಪನಿಗೆ ಮಾತ್ರ ತಿಳಿಸಬೇಡಿ, ಜಾಗವಿಲ್ಲ. ನಾಯಿಯನ್ನು ಮಾತ್ರ ನಿಮ್ಮ ಜೊತೆಗೇ ಕರೆದುಕೊಂಡು ಹೋಗಿ. ಆಗದೇ ಹೋದರೆ ಬಳಗಾನೂರಿಗೆ ಬಂದು ಗುಜರಿ ದೊಡ್ಡಪ್ಪನ ಮನೆ ಕೇಳಿ. ಯಾರು ಬೇಕಾದರೂ ತೋರಿಸುತ್ತಾರೆ. ಅದಕ್ಕೆ ಯಾವ ಭಾಷೆ ಬರುತ್ತದೆಂದು ಹೇಳಿಹೋದರೆ ದೊಡ್ಡವ್ವನಿಗೆ ಅನುಕೂಲವಾಗುತ್ತದೆ.